ಇಸ್ಮೇಯ ಸರದಿ

ನನ್ನ ತಂಗಿ ಇಸ್ಮೇ ಮೂರು ವರ್ಷ ಪರರ ಮನೆಯಲ್ಲಿ ಚಾಕರಿ ಮಾಡಿದಳು. ಹೋಗಬೇಕಾಗಿದ್ದವಳು ನಾನು. ಪಾದ್ರಿಗಳ ಮುಂದೆ ಮಂಡಿಯೂರಿ ಇದನ್ನು ಎರಡು ಸಲ ಹೇಳಿಕೊಂಡಿದ್ದೇನೆ. ಬೇರೆ ಬೇರೆ ಪಾದ್ರಿಗಳು. ಇಬ್ಬರೂ ಒಂದಿಷ್ಟು ಜಪ ಮಾಡಲು ಹೇಳಿ ಕಳಿಸಿದರು. ಜಪ ಮುಗಿಯಿತು, ಹೊರೆ ಮಾತ್ರ ಇಳಿಯಲಿಲ್ಲ. ಈಗ ನನಗೆ ಎಪ್ಪತ್ತು ದಾಟಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಮನೆ ಇದ್ದದ್ದು ಗ್ರೆನಡಾ ದ್ವೀಪದಲ್ಲಿ, ಗ್ವಾವ್ ಪೇಟೆಯ ಮೇಲಿನ ಗುಡ್ಡದಲ್ಲಿ. ಹಲಗೆಯ ಎರಡು ಕೋಣೆ, ಕಲ್ಲಿನ ಗುಂಡುಗಳ ಮೇಲೆ ಎತ್ತಿ ಕೂರಿಸಿದ್ದು. ಅಪ್ಪ ಅರುಬಾದ ಎಣ್ಣೆ ಕಾರ್ಖಾನೆಗೆಂದು ಹಡಗು ಹತ್ತಿದವನು ಮೊದಲ ವರ್ಷ ನಾಲ್ಕು ಕಾಗದ ಬರೆದ, ಎರಡನೆಯ ವರ್ಷ ಒಂದು, ಆಮೇಲೆ ಅದೂ ಇಲ್ಲ. ಅಮ್ಮ ತೋಟದಲ್ಲಿ ಬಿದ್ದ ಜಾಯಿಕಾಯಿ ಆಯ್ದು, ಜಾಪತ್ರೆ ಬಿಡಿಸಿ, ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಬೆರಳುಗಳಿಗೆ ಯಾವಾಗಲೂ ಜಾಪತ್ರೆಯ ವಾಸನೆ. ನಾನು ಯುಲಾಲಿ, ಮನೆಯಲ್ಲಿ ಲಾಲಿ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು ಇಸ್ಮೇ. ಅವಳ ಕೆಳಗೆ ಇಬ್ಬರು ಪುಟ್ಟ ತಮ್ಮಂದಿರು.

ಐವತ್ತೈದರ ಸೆಪ್ಟೆಂಬರಿನಲ್ಲಿ ಜಾನೆಟ್ ಬಿರುಗಾಳಿ ಬಂತು. ಬೆಳಗಾಗಿ ನೋಡಿದರೆ ಗುಡ್ಡಕ್ಕೆ ಗುಡ್ಡವೇ ಬೋಳು. ಜಾಯಿಕಾಯಿ ಮರಗಳು ಬೇರು ಮೇಲು ಮಾಡಿಕೊಂಡು ಸಾಲಾಗಿ ಮಲಗಿದ್ದವು. ಬಾಳೆ, ದೀವಿಹಲಸು, ಕೋಕೋ ಯಾವುದೂ ನಿಂತಿರಲಿಲ್ಲ. ನಮ್ಮ ಮನೆಯ ಅರ್ಧ ಮಾಡು ಯಾರ ಹಿತ್ತಲಿಗೆ ಹಾರಿತೋ ಸಿಗಲೇ ಇಲ್ಲ. ಜಾಯಿಕಾಯಿಯ ಹೊಸ ಸಸಿ ನೆಟ್ಟರೆ ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಹೊಟ್ಟೆಗೆ ಅಷ್ಟು ವರ್ಷ ಕಾದಿರು ಎಂದರೆ ಅದು ಕೇಳುತ್ತದೆಯೇ? ಕೆಲವು ತಿಂಗಳು ಸರ್ಕಾರದವರು ಹಿಟ್ಟು ಹಂಚಿದರು. ಅದೂ ನಿಂತ ಮೇಲೆ ಕೆಸುವಿನ ಸೊಪ್ಪು, ಕಾಡುಗೆಣಸು, ಯಾರದೋ ಹಿತ್ತಲಿನ ಕಾಯಿಬಾಳೆ. ಅಮ್ಮ ನಮಗೆಲ್ಲ ಬಡಿಸಿ, ಬಾಳೆಕಾಯಿ ಬೆಂದ ನೀರನ್ನು ತಾನು ಬಟ್ಟಲಿಗೆ ಬಗ್ಗಿಸಿಕೊಂಡು, ಉಪ್ಪು ಹಾಕಿ ಕುಡಿದು, 'ನಂದು ಆಯ್ತು' ಎನ್ನುತ್ತಿದ್ದಳು.

ನಾನು ಶಾಲೆ ಬಿಡಲಿಲ್ಲ. ಇಸ್ಮೇ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದವಳು, ಶಾಲೆಗೆ ಇನ್ನೂ ಸೇರಿರಲಿಲ್ಲ. ಆಲ್ಸ್ಟನ್ ಮೇಷ್ಟ್ರು ಒಂದು ದಿನ ನನ್ನ ಸ್ಲೇಟು ನೋಡಿ, "ಇನ್ನೊಂದು ವರ್ಷ ಹಿಂಗೇ ಓದು. ರಾಜಧಾನೀಲಿ ಪರೀಕ್ಷೆ ಬರಿ. ಪಾಸಾದ್ರೆ ಇಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳೋ ಮರಿಟೀಚರ್ ಮಾಡ್ತೀನಿ," ಎಂದಿದ್ದರು. ಆ ಮಾತನ್ನು ನಾನು ಬಾಯಲ್ಲಿಟ್ಟ ಬೆಲ್ಲದಂತೆ ಯಾರಿಗೂ ಹೇಳದೆ ಚೀಪುತ್ತಿದ್ದೆ.

ನಮ್ಮ ಪಕ್ಕದ ಮನೆಯವಳು ಟಾಂಟಿ ಕ್ಲೆಮಿ. ಊರಿನ ಮಕ್ಕಳಿಗೆಲ್ಲ ಅವಳು ಟಾಂಟಿ, ಅಂದರೆ ಚಿಕ್ಕಮ್ಮ. ಬಿದ್ದ ಮರಗಳನ್ನು ಸುಟ್ಟು ಇದ್ದಿಲು ಮಾಡಿ, ಮರದ ಬಸ್ಸಿನಲ್ಲಿ ರಾಜಧಾನಿ ಸೇಂಟ್ ಜಾರ್ಜಸ್‌ಗೆ ಕೊಂಡೊಯ್ದು ಮಾರುತ್ತಿದ್ದಳು. ಫೆಬ್ರುವರಿಯ ಒಂದು ಮಧ್ಯಾಹ್ನ ಅವಳು ಬಂದು ಅಮ್ಮನ ಜೊತೆ ಮೆಟ್ಟಿಲ ಮೇಲೆ ಕೂತಳು. ನಾನು ಮನೆಯ ಅಡಿಯಲ್ಲಿ, ಗುಂಡುಗಳ ನಡುವೆ, ಕೋಳಿ ಏನಾದರೂ ಮೊಟ್ಟೆ ಇಟ್ಟಿದೆಯೋ ಎಂದು ತಡಕುತ್ತಿದ್ದೆ. ಮಾತೆಲ್ಲ ಕೇಳಿಸಿತು.

"ಒಳ್ಳೇ ಮನೆ ಕಣೇ. ಗಂಡ ಬಂದರಿನ ಕಚೇರೀಲಿ ಗುಮಾಸ್ತ. ಹೆಂಡ್ತಿ ಮಿಸೆಸ್ ಗ್ರಾಂಟ್ಲಿ, ನನ್ನ ಹತ್ರಾನೇ ಇದ್ದಿಲು ತಗೊಳ್ಳೋದು. ಕೈಗೂಸು ಇದೆ, ಎತ್ಕೊಳ್ಳೋಕೆ ಒಬ್ಳು ಹುಡ್ಗಿ ಬೇಕಂತೆ. ಊಟ, ಬಟ್ಟೆ, ಮಧ್ಯಾಹ್ನದ ಮೇಲೆ ಸ್ಕೂಲು. ಮೇಲಿಂದ ನಿಂಗೆ ತಿಂಗಳಿಗೊಂದು ಚೀಲ. ಹಿಟ್ಟು, ಅಕ್ಕಿ, ಉಪ್ಪುಮೀನು. ಇನ್ನೇನು ಬೇಕು ನಿಂಗೆ?"

"ಮಗು ಬೇಕು," ಎಂದಳು ಅಮ್ಮ.

"ಮಗು ಇಟ್ಕೊಂಡು ಏನು ಮಾಡ್ತೀಯ? ಉಪ್ಪು ಹಾಕಿ ಬೇಯಿಸ್ತೀಯಾ?"

ಅಮ್ಮ ಕೂತಲ್ಲೇ ಹೊರಳಿದ್ದಕ್ಕೆ ಮೆಟ್ಟಿಲ ಹಲಗೆ ಕಿರುಗುಟ್ಟಿತು. ಆಮೇಲೆ, "ಲಾಲೀನ ಕಳಿಸ್ತೀನಿ," ಎಂದಳು. "ದೊಡ್ಡೋಳು, ಬುದ್ಧಿ ಇದೆ. ಯಾರಾದ್ರೂ ಒಂದು ಮಾತು ಅಂದ್ರೂ ನುಂಗ್ಕೋತಾಳೆ. ಇಸ್ಮೇಗೆ ಏನು ತಿಳಿಯತ್ತೆ? ಇನ್ನೂ ಚಾಪೇಲಿ ಉಚ್ಚೆ ಹೊಯ್ಕೋತಾಳೆ."

"ಹಾಗಾದ್ರೆ ಶನಿವಾರ ಅವರೇ ಕಾರಲ್ಲಿ ಬರ್ತಾರೆ. ಹುಡ್ಗೀನ ಸ್ನಾನ ಮಾಡ್ಸಿ ಇಟ್ಟಿರು."

ಮೊಟ್ಟೆ ಸಿಕ್ಕಿರಲಿಲ್ಲ. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ನನಗೆ ಕಂಡದ್ದು ಆಲ್ಸ್ಟನ್ ಮೇಷ್ಟ್ರ ಮುಖ. ಮಧ್ಯಾಹ್ನದ ಮೇಲೆ ಸ್ಕೂಲು ಎಂಬ ಮಾತನ್ನು ನಾನು ನಂಬಲಿಲ್ಲ. ಮೇಲಿನ ಓಣಿಯಿಂದ ಹಾಗೆ ಹೋದ ಇಬ್ಬರು ಹುಡುಗಿಯರು ನನಗೆ ಗೊತ್ತಿದ್ದರು. ಒಬ್ಬಳೂ ಪುಸ್ತಕ ಮುಟ್ಟಿರಲಿಲ್ಲ. ಅಂದರೆ ನಾನು ಏನೂ ಅರಿಯದೆ ಮಾಡಿದೆ ಎಂದು ಹೇಳುವ ಹಾಗಿಲ್ಲ. ಅರಿತೇ ಮಾಡಿದೆ.

ಶನಿವಾರ ಬೆಳಿಗ್ಗೆ ಅಮ್ಮ ನನಗೆ ಸ್ನಾನ ಮಾಡಿಸಿ, ತಲೆ ಹೆಣೆದು, ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಅಂಗಿ ತೊಡಿಸಿದಳು. ಅದು ಅವಳದೇ ಹಳೆಯ ಅಂಗಿ, ಎರಡು ದಿನ ಕೂತು ನನ್ನ ಅಳತೆಗೆ ಕತ್ತರಿಸಿ ಹೊಲಿದಿದ್ದಳು. ನಾನು ಹೊರಕಡೆಗೆ ಹೋಗಿ ಬರುತ್ತೇನೆಂದು ತೊರೆಯ ಕಡೆ ಓಡಿದೆ. ಅಲ್ಲಿ ಬೇಲಿಗೆ ಹಬ್ಬಿದ ನಸುಗುನ್ನಿ ಬಳ್ಳಿ ಇತ್ತು. ಅದರ ಕಾಯಿಯ ಕಂದು ರೋಮ ತಗುಲಿದರೆ ಏನಾಗುತ್ತದೆಂದು ನಮ್ಮ ಗುಡ್ಡದಲ್ಲಿ ನಡೆಯಲು ಬರುವ ಕೂಸಿಗೂ ಗೊತ್ತು. ಬಾಳೆ ಎಲೆಯಲ್ಲಿ ಹಿಡಿದು ಎರಡು ಕಾಯಿ ಕಿತ್ತು, ತೋಳುಗಳಿಗೆ, ಕತ್ತಿಗೆ, ಕೆನ್ನೆಗೆ ಉಜ್ಜಿಕೊಂಡೆ.

ಉರಿಯೇನು ಉರಿ! ಮನೆ ಮುಟ್ಟುವ ಹೊತ್ತಿಗೆ ಮೈಯೆಲ್ಲ ಕೆಂಪು ಗಂಧೆ ಎದ್ದಿತ್ತು. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಅಮ್ಮ ಹೌಹಾರಿ ಎದೆ ಬಡಿದುಕೊಂಡಳು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಕಾರಿನ ಸದ್ದು.

ಮಿಸೆಸ್ ಗ್ರಾಂಟ್ಲಿ ಕೆಟ್ಟ ಹೆಂಗಸಿನಂತೇನೂ ಕಾಣಲಿಲ್ಲ. ದಪ್ಪಗೆ, ಬಿಸಿಲಿಗೆ ಬೆವೆತು, ಹ್ಯಾಟಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದರು. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಕ್ಲೆಮಿ, ಏನಿದು? ಈ ಹುಡುಗಿ ಮೈಗೇನಾಗಿದೆ?"

"ನಿನ್ನೆ ಚೆನ್ನಾಗಿದ್ಲು ಮೇಡಂ, ದೇವರಾಣೆ," ಎಂದಳು ಟಾಂಟಿ.

"ನಮ್ಮ ಮನೇಲಿ ಐದು ತಿಂಗಳ ಮಗು ಇದೆ ಕಣಮ್ಮ. ಇಂಥವಳನ್ನ ಹೇಗೆ ಕರ್ಕೊಂಡು ಹೋಗಲಿ? ಇಲ್ಲಿ ತನಕ ಬಂದದ್ದು ದಂಡ ಆಯ್ತು."

ಅವರು ತಿರುಗಿದರು. ಅಮ್ಮ ಅಂಗಳದಲ್ಲಿ ಕೈ ಜೋಲು ಬಿಟ್ಟುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಬಿಡುಗಡೆಯೋ ಹಸಿವೋ ನನಗೆ ಇವತ್ತಿಗೂ ತಿಳಿಯದು. ಅಷ್ಟರಲ್ಲಿ ಇಸ್ಮೇ ಎಲ್ಲಿದ್ದಳೋ, ಕಾರಿನ ಬಾಗಿಲ ಹತ್ತಿರ ಹೋಗಿ ಡ್ರೈವರನ ಜೊತೆ ಮಾತಿಗಿಳಿದಿದ್ದಳು.

"ಅಂಕಲ್, ಅದನ್ನ ಒತ್ತಿದ್ರೆ ಕೂಗತ್ತಾ? ಒಂದ್ಸಲ ಒತ್ತಲಾ?"

ಹಾರನ್ ಕೂಗಿತು. ಇಸ್ಮೇ ಹೋ ಎಂದು ನಕ್ಕಳು. ಅವಳ ಕೆನ್ನೆಯಲ್ಲಿ ಎರಡು ಕಡೆಯೂ ಗುಳಿ. ಮಿಸೆಸ್ ಗ್ರಾಂಟ್ಲಿ ನಿಂತು ನೋಡಿದರು.

"ಇವಳು?"

"ಇವಳು ಚಿಕ್ಕೋಳು ಮೇಡಂ," ಎಂದಳು ಅಮ್ಮ. "ಒಂಬತ್ತು. ಕೆಲಸ ತಿಳಿಯಲ್ಲ."

"ಕಲಿಸಿದ್ರೆ ಕಲೀತಾಳೆ. ಏನೇ ಹುಡುಗಿ, ನಮ್ಮನೆಗೆ ಬರ್ತೀಯಾ? ಮಗು ಆಡಿಸ್ಕೊಂಡಿರು."

"ಕಾರಲ್ಲಿ ಹೋಗೋದಾ?" ಎಂದಳು ಇಸ್ಮೇ.

ನಾನು ಬಾಯಿ ತೆರೆಯಬಹುದಿತ್ತು. ಇದು ನಸುಗುನ್ನಿಯ ಗಂಧೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ ಎಂದರೆ ಸಾಕಿತ್ತು. ನಾನು ತೋಳು ಕೆರೆದುಕೊಳ್ಳುತ್ತ ನಿಂತಿದ್ದೆ. ಟಾಂಟಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅಮ್ಮ ನನ್ನ ಮೈಮೇಲಿಂದ ಆ ನೀಲಿ ಅಂಗಿ ಬಿಚ್ಚಿ, ಒಂದು ಸಲ ಕೊಡವಿ, ಇಸ್ಮೇಗೆ ತೊಡಿಸಿದಳು. ಅದು ಅವಳ ಮೊಣಕಾಲು ದಾಟಿ ಇಳಿಯುತ್ತಿತ್ತು. ಪಿನ್ನು ಚುಚ್ಚಿ ಎತ್ತಿ ಕಟ್ಟಿದಳು. ಇಸ್ಮೇ ಕಾರು ಹತ್ತಿ, ಹಿಂದಿನ ಗಾಜಿನಿಂದ ಎರಡು ಕೈಯಲ್ಲೂ ಟಾಟಾ ಮಾಡಿದಳು. ಸಂಜೆಗೆ ತಿರುಗಿ ಬರುತ್ತೇನೆಂದು ಅವಳು ತಿಳಿದಿದ್ದಳು ಎಂದು ನನಗೆ ಆಗಲೇ ಅನಿಸಿತ್ತು.

ತಿಂಗಳ ಕೊನೆಗೆ ಟಾಂಟಿಯ ತಲೆಯ ಮೇಲೆ ಮೊದಲ ಚೀಲ ಬಂತು. ಅಮ್ಮ ಹಿಟ್ಟು ನಾದಿ ರೊಟ್ಟಿ ಕರಿದಳು, ಉಪ್ಪುಮೀನು ಈರುಳ್ಳಿ ಹಾಕಿ ಹುರಿದಳು. ಮನೆಯೆಲ್ಲ ಘಮ ಘಮ. ತಮ್ಮಂದಿರು ತಟ್ಟೆ ನೆಕ್ಕಿದರು. ನಾನು ಮೊದಲ ತುತ್ತು ಮುರಿದು ತಟ್ಟೆಯಲ್ಲೇ ಇಟ್ಟೆ. ಅಮ್ಮ ನೋಡಿ, "ತಿನ್ನೇ. ನೀನು ಬಿಟ್ರೆ ಅವಳಿಗೇನೂ ತಲುಪಲ್ಲ," ಎಂದಳು. ತಿಂದೆ. ಎರಡನೆಯ ತಿಂಗಳು ಅಷ್ಟು ಕಷ್ಟವಾಗಲಿಲ್ಲ. ಮೂರನೆಯ ತಿಂಗಳು ಚೀಲ ಎರಡು ದಿನ ತಡವಾಯಿತು. ನಾನು ತಿರುವಿಗೆ ಹೋಗಿ ಬಸ್ಸು ಕಾಯುತ್ತ ನಿಂತೆ. ಬಸ್ಸಿನಿಂದ ಟಾಂಟಿ ಇಳಿದಾಗ ನಾನು ಮೊದಲು ನೋಡಿದ್ದು ಅವಳ ತಲೆಯ ಮೇಲಿನ ಚೀಲವನ್ನು. ಇಸ್ಮೇ ಹೇಗಿದ್ದಾಳೆ ಎಂದು ಕೇಳಿದ್ದು ಮನೆ ಮುಟ್ಟಿದ ಮೇಲೆ.

ಈಸ್ಟರಿಗೆ ಇಸ್ಮೇ ಬರಲಿಲ್ಲ. ಮಗುವಿಗೆ ಹಲ್ಲು ಬರುತ್ತಿದೆ, ಬಿಡುವಿಲ್ಲ ಎಂದರಂತೆ. ಕ್ರಿಸ್‌ಮಸ್ಸಿಗೂ ಬರಲಿಲ್ಲ. ಬದಲಿಗೆ ಚೀಲದ ಜೊತೆ ಒಂದು ಹ್ಯಾಮಿನ ತುಂಡು ಬಂತು. ಅಮ್ಮನಿಗೆ ಬಸ್ಸು ಹಿಡಿದು ಹೋಗಿ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಆಗವಳು ಬಿದ್ದ ಮರ ಎಳೆದು ರಸ್ತೆ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹೋಗಬೇಕು, ಹೋಗಬೇಕು ಎನ್ನುತ್ತಲೇ ಇದ್ದಳು.

ನಾನು ಸೇಂಟ್ ಜಾರ್ಜಸ್‌ಗೆ ಹೋದದ್ದು ಮರುವರ್ಷ, ಮರಿಟೀಚರ್ ಪರೀಕ್ಷೆಗೆ. ಆಲ್ಸ್ಟನ್ ಮೇಷ್ಟ್ರ ಹೆಂಡತಿ ತಮ್ಮ ಉದ್ದ ತೋಳಿನ ಬಿಳಿ ರವಿಕೆ ಕೊಟ್ಟಿದ್ದರು, ಮೊಣಕೈಯ ಮೇಲೆ ತೇಪೆ ಹಾಕಿದ ನನ್ನದನ್ನು ಯಾರೂ ನೋಡದಿರಲಿ ಎಂದು. ಪರೀಕ್ಷೆ ಮುಗಿದ ಮೇಲೆ ಟಾಂಟಿ ನನ್ನನ್ನು ಗ್ರಾಂಟ್ಲಿಯವರ ಮನೆಯ ಹಿಂಬಾಗಿಲಿಗೆ ಬಿಟ್ಟು ತಾನು ಮಾರುಕಟ್ಟೆಗೆ ಹೋದಳು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಇಸ್ಮೇ ಕೂತಿದ್ದಳು. ತಲೆಗೂದಲು ಗಂಡುಹುಡುಗನಂತೆ ಕತ್ತರಿಸಿದ್ದರು. ಸಾಬೂನಿನ ನೀರಿನಲ್ಲಿ ಬೆಂದು ಬೆರಳುಗಳ ಚರ್ಮ ಅಮ್ಮನ ಬೆರಳುಗಳ ಚರ್ಮದಂತಾಗಿತ್ತು. ಸಣ್ಣಗಾಗಿರಲಿಲ್ಲ; ಹೊಟ್ಟೆಗೆ ಸಿಗುತ್ತಿತ್ತು ಅನ್ನುವುದು ನಿಜ. ನನ್ನನ್ನು ಕಂಡು ಹಾರಿ ಎದ್ದಳು, ಆದರೆ ಹತ್ತಿರ ಬರುವ ಮೊದಲು ಒಳಬಾಗಿಲ ಕಡೆ ನೋಡಿ, ಒದ್ದೆ ಕೈ ಒರೆಸಿಕೊಂಡಳು.

"ಲಾಲಿ! ಅಮ್ಮ ಬಂದಿಲ್ವಾ?"

"ಇಲ್ಲ. ಕೆಲಸ."

"ಹ್ಞೂಂ." ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. "ಕೆನ್ನೇದು ಹೋಗಿದೆ. ಕೈದು ವಾಸಿ ಆಯ್ತಾ?"

ನನಗೆ ಅರ್ಥವಾಗಲಿಲ್ಲ. "ಏನು ವಾಸಿ?"

"ನಿನ್ನ ಮೈ ಕಾಯಿಲೆ ಕಣೇ. ಟಾಂಟಿ ಹೇಳಿದ್ರು, ಲಾಲಿಗೆ ವಾಸಿ ಆಗೋ ತನಕ ನಿನ್ನ ಸರದಿ, ಆಮೇಲೆ ಅವಳೇ ಬರ್ತಾಳೆ ಅಂತ. ಅವರು ಮೊದಲ ಸಲ ಇಲ್ಲಿಗೆ ಇದ್ದಿಲು ತಂದಾಗ ನಾನು ಅಳ್ತಿದ್ದೆ ನೋಡು, ಆಗ ಹೇಳಿದ್ರು. ನಾನು ದಿನಾ ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಮಾತೆ ಮರಿಯಮ್ಮಾ, ಲಾಲಿ ಕೈ ವಾಸಿ ಮಾಡು ಅಂತ." ಅವಳು ನನ್ನ ರವಿಕೆಯ ತೋಳು ಹಿಡಿದಳು. "ತೋರಿಸು."

ನಾನು ಕೈ ಎಳೆದುಕೊಂಡೆ.

"ಮುಟ್ಬೇಡ. ಅಂಟತ್ತೆ," ಎಂದೆ. "ಇನ್ನೂ ವಾಸಿ ಆಗಿಲ್ಲ."

ನಸುಗುನ್ನಿಯ ಪಾಪ ಹನ್ನೆರಡು ವರ್ಷದ ಹುಡುಗಿಯ ಹೆದರಿಕೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಿಯೇನು. ಆ ಹಿತ್ತಲಲ್ಲಿ ನಿಂತು ಆಡಿದ ಈ ಎರಡು ಮಾತಿಗೆ ನನ್ನ ಬಳಿ ಯಾವ ನೆಪವೂ ಇಲ್ಲ. ಇಸ್ಮೇ ತಟ್ಟನೆ ಕೈ ಹಿಂದೆಗೆದು, ಪಾಪ ಎನ್ನುವ ಹಾಗೆ ನನ್ನನ್ನು ನೋಡಿದಳು.

"ನೋಯತ್ತಾ?"

"ಇಲ್ಲ," ಎಂದೆ.

"ಸ್ಕೂಲಿಗೆ ಹೋಗ್ತೀಯಾ ನೀನು?" ಎಂದು ನಾನೇ ಕೇಳಿದೆ, ಮಾತು ಬೇರೆ ಕಡೆ ಹೋಗಲೆಂದು.

"ಎಲ್ಲಿ? ಮಗು ಮಲಗಿದ್ರೆ ಬಟ್ಟೆ, ಎದ್ರೆ ಮಗು. ಅಮ್ಮಂಗೆ ಹೇಳ್ಬೇಡ ಆಯ್ತಾ? ಅಮ್ಮ ಬಂದು ಜಗಳ ಆಡಿದ್ರೆ ಚೀಲ ನಿಲ್ಲಿಸಿಬಿಡ್ತಾರೆ." ಆಮೇಲೆ ದನಿ ತಗ್ಗಿಸಿ, "ನಾನೀಗ ಚಾಪೇಲಿ ಹೊಯ್ಕೊಳಲ್ಲ. ಮೊದಲು ಹೊಯ್ಕೊಂಡಾಗ ಹೊರಗಡೆ ಮಲಗಿಸ್ತಿದ್ರು. ಈಗ ಒಳಗೇ, ಒಲೆ ಪಕ್ಕ," ಎಂದಳು. ಅದನ್ನು ಹೇಳುವಾಗ ಅವಳಿಗೆ ಹೆಮ್ಮೆಯಿತ್ತು.

ಒಳಗಿಂದ ಮಗು ಅತ್ತಿತು. ಅವಳು ಓಡಿದಳು. ಬಾಗಿಲಲ್ಲಿ ನಿಂತು ತಿರುಗಿ, "ಬೇಗ ವಾಸಿ ಮಾಡ್ಕೋ ಲಾಲಿ," ಎಂದಳು.

ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು: "ಓದ್ತಿದಾಳಾ?"

"ಹ್ಞೂಂ," ಎಂದೆ.

ಪರೀಕ್ಷೆ ಪಾಸಾಯಿತು. ಹದಿನಾಲ್ಕಕ್ಕೆ ನಾನು ಮರಿಟೀಚರ್ ಆದೆ. ಸಂಬಳ ಅಲ್ಪ, ಆದರೆ ತಿಂಗಳು ತಿಂಗಳು ಬರುವಂಥದು. ಆ ದಿನವೇ ಹೋಗಿ ಇಸ್ಮೇಯನ್ನು ಕರೆತರಬಹುದಿತ್ತು. ಮುಂದಿನ ತಿಂಗಳು ಎಂದುಕೊಂಡೆ. ಮಾಡಿಗೆ ತಗಡು ಹಾಕಿಸಿದ ಮೇಲೆ ಎಂದುಕೊಂಡೆ. ದೊಡ್ಡ ತಮ್ಮನಿಗೆ ಶೂ ಕೊಂಡ ಮೇಲೆ ಎಂದುಕೊಂಡೆ. ನೆಪಗಳಿಗೆ ಬಡವರ ಮನೆಯಲ್ಲಿ ಬರವೇ? ನಿಜ ಬೇರೆ ಇತ್ತು. ಅವಳು ಬಂದರೆ ನನ್ನ ತೋಳು ನೋಡುತ್ತಾಳೆ, ಅಮ್ಮನ ಮುಂದೆ ಕೇಳುತ್ತಾಳೆ.

ಅವಳು ನನ್ನ ತೋಳು ನೋಡಿದ್ದು ಅಮ್ಮನ ಮುಂದಲ್ಲ, ಇಡೀ ಪಟ್ಟಣದ ಮುಂದೆ. ಐವತ್ತೊಂಬತ್ತರ ಮೇ ತಿಂಗಳಲ್ಲಿ ಸೇಂಟ್ ಜಾರ್ಜಸ್‌ನಲ್ಲಿ ಶಾಲೆಗಳ ಮೆರವಣಿಗೆ ಇತ್ತು. ಮಕ್ಕಳಿಗೆಲ್ಲ ಒಂದು ಬನ್ನು, ಒಂದು ಲೋಟ ಸಿಹಿನೀರು ಕೊಡುತ್ತಾರೆಂದು ನಮ್ಮ ಶಾಲೆಯಿಂದ ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ. ಬಂದರಿನ ರಸ್ತೆಯಲ್ಲಿ ಸಾಲಾಗಿ ನಡೆದೆವು. ನಾನು ಗಿಡ್ಡ ತೋಳಿನ ಬಿಳಿ ಅಂಗಿಯಲ್ಲಿ, ಎರಡನೆಯ ತರಗತಿಯ ಸಾಲಿನ ಪಕ್ಕದಲ್ಲಿ, ಕೈ ಬೀಸುತ್ತ ನಡೆಯುತ್ತಿದ್ದೆ. ಜನ ಅಂಗಡಿಗಳ ಮೆಟ್ಟಿಲ ಮೇಲೆಲ್ಲ ನಿಂತಿದ್ದರು. ಅವರ ನಡುವೆ, ಸೊಂಟದ ಮೇಲೆ ಮೂರು ವರ್ಷದ ದಪ್ಪ ಮಗುವನ್ನು ಹೊತ್ತು, ಇಸ್ಮೇ.

ಅವಳು ಮೊದಲು ನಕ್ಕಳು. ಕೈ ಎತ್ತಿದಳು. ಆಮೇಲೆ ಅವಳ ಕಣ್ಣು ನನ್ನ ತೋಳಿನ ಮೇಲೆ ಬಿತ್ತು, ಒಂದರ ಮೇಲಿಂದ ಇನ್ನೊಂದಕ್ಕೆ ಹೋಯಿತು. ಎತ್ತಿದ ಕೈ ಅಲ್ಲೇ ನಿಂತಿತು. ನಾನು ಸಾಲಿನಿಂದ ಹೊರಬರಲಿಲ್ಲ. ಮಕ್ಕಳಿಗೆ, "ಎಡ, ಬಲ, ಎಡ, ಬಲ," ಎನ್ನುತ್ತ ಮುಂದೆ ನಡೆದೆ.

ನಾಲ್ಕು ದಿನ ಕಳೆದ ಮೇಲೆ, ಮಧ್ಯಾಹ್ನ ಶಾಲೆ ಬಿಟ್ಟು ನಾನು ಬಂದು ಚಪ್ಪಲಿ ಬಿಡುತ್ತಿದ್ದೆ. ಅಮ್ಮ ಒಲೆಯ ಮುಂದೆ ಕೋಕೋ ಕಾಯಿಸುತ್ತಿದ್ದಳು. ತಿರುಗಿ ನೋಡಿದರೆ ಅಂಗಳದಲ್ಲಿ ಇಸ್ಮೇ ನಿಂತಿದ್ದಳು, ಕೈಯಲ್ಲಿ ಒಂದು ದಿಂಬಿನ ಚೀಲ. ಕರಾವಳಿಯ ರಸ್ತೆಯುದ್ದಕ್ಕೂ ಹನ್ನೆರಡು ಮೈಲಿ ನಡೆದು ಬಂದಿದ್ದಳು. ಕಾಲೆಲ್ಲ ಧೂಳು.

"ಅಮ್ಮಾ, ನನ್ನ ಸರದಿ ಮುಗೀತು," ಎಂದಳು.

ಅಮ್ಮ ಓಡಿ ಹೋಗಿ ತಬ್ಬಿಕೊಂಡಳು. "ಯಾವ ಸರದಿಯೇ? ಹೇಳದೆ ಕೇಳದೆ ಬಂದ್ಯಾ? ಹೊಡೆದ್ರಾ?"

"ಇಲ್ಲ. ಲಾಲಿಗೆ ವಾಸಿ ಆಗಿದೆ. ನಾನೇ ನೋಡ್ದೆ."

"ವಾಸಿಯಾ? ಅದು ಮೂರೇ ದಿನಕ್ಕೆ ಹೋಯ್ತಲ್ಲೇ, ಮೂರು ವರ್ಷದ ಹಿಂದೆ!"

ಇಸ್ಮೇ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೈಯಲ್ಲಿದ್ದ ದಿಂಬಿನ ಚೀಲ ನೆಲಕ್ಕಿಳಿಸಿದಳು. ನಾನು ಹೊಸ್ತಿಲ ಮೇಲೆ ನಿಂತೇ ಎಲ್ಲ ಹೇಳಿದೆ: ಮನೆಯ ಅಡಿಯಲ್ಲಿ ಕೇಳಿದ್ದು, ಬೇಲಿಯ ಕಾಯಿ, ಆ ಹಿತ್ತಲಲ್ಲಿ ಕೈ ಎಳೆದುಕೊಂಡದ್ದು, ಓದುತ್ತಿದ್ದಾಳೆ ಎಂದು ಅಮ್ಮನಿಗೆ ಹೇಳಿದ ಸುಳ್ಳು. ಹೇಳುತ್ತ ಹೋದಂತೆ ಒಲೆಯ ಮೇಲಿನ ಕೋಕೋ ಉಕ್ಕಿ ಚೆಲ್ಲಿತು. ಯಾರೂ ಇಳಿಸಲಿಲ್ಲ.

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು ಹೇಳಿದಳು: "ಮೂರು ವರ್ಷ. ಚಿಕ್ಕೋಳನ್ನ ಕಳಿಸ್ದೆ, ನಾನೆಂಥಾ ತಾಯಿ ಅಂತ ಮೂರು ವರ್ಷ ಅತ್ತಿದೀನಿ ಕಣೇ. ನಿನ್ನ ಪಕ್ಕಾನೇ ಮಲಗಿ ಅತ್ತಿದೀನಿ. ನಿಂಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದೆ.

"ಅಳೋದನ್ನಾದ್ರೂ ಹಂಚ್ಕೋಬಹುದಿತ್ತಲ್ಲೇ!"

ಇಸ್ಮೇ ಅಷ್ಟರಲ್ಲಿ ಒಳಗೆ ಹೋಗಿ, ಉಳಿದ ಕೋಕೋವನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಗೋಡೆಗೊರಗಿ ಕುಡಿಯುತ್ತಿದ್ದಳು. "ರೊಟ್ಟಿ ಇದ್ಯಾ?" ಎಂದು ತಮ್ಮನನ್ನು ಕೇಳಿದಳು.

ಚೀಲ ನಿಂತಿತು. ಒಂದು ವಾರ ಟಾಂಟಿ ನಮ್ಮ ಮನೆಯತ್ತ ಸುಳಿಯಲಿಲ್ಲ. ಆಮೇಲೆ ಒಂದು ಬುಟ್ಟಿ ಇದ್ದಿಲು ತಂದು ಅಂಗಳದಲ್ಲಿ ಸುರಿದು, "ಅಳ್ತಿತ್ತು ಮಗು. ಸಮಾಧಾನಕ್ಕೆ ಅಂತ ಒಂದು ಮಾತು ಹೇಳ್ದೆ. ಅದನ್ನೇ ಹಿಡ್ಕೊಂಡು ಮೂರು ವರ್ಷ ಕೂತಿದ್ಲು ಅಂತ ನಂಗೇನು ಗೊತ್ತು?" ಎಂದು ಕಣ್ಣೊರೆಸಿಕೊಂಡು ಹೋದಳು.

ಒಂದು ಸಂಜೆ ನಾನು ಸ್ಲೇಟು ತೆಗೆದುಕೊಂಡು ಇಸ್ಮೇಯ ಪಕ್ಕ ಹೋಗಿ ಕೂತೆ. ಹನ್ನೆರಡು ವರ್ಷದವಳಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. "ಬಾ, ಕಲಿಸ್ತೀನಿ," ಎಂದೆ.

ಅವಳು ಸ್ಲೇಟನ್ನೂ ನನ್ನನ್ನೂ ನೋಡಿದಳು. "ನಾಳೆ ಬೆಳಿಗ್ಗೆ ಕೆಲಸ ಇದೆ ಟೀಚರ್," ಎಂದಳು.

ಅಂದಿನಿಂದ ಅವಳ ಬಾಯಲ್ಲಿ ನಾನು ಲಾಲಿ ಅಲ್ಲ, ಟೀಚರ್. ನಾನು ತಂದ ಅಕ್ಕಿಯ ಅನ್ನ ಬೇಡ ಎಂದೇನೂ ಹಠ ಮಾಡಲಿಲ್ಲ. ಅನ್ನದ ಮೇಲೆ ಹಠ ಸಾಧಿಸುವಷ್ಟು ಸಿರಿವಂತರು ನಮ್ಮಲ್ಲಿ ಯಾರೂ ಇರಲಿಲ್ಲ. ಜಗಳವೂ ಆಡಲಿಲ್ಲ. ಕೇಳಿದ್ದಕ್ಕೆ ಉತ್ತರ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಕೊಡುವಷ್ಟು ಮರ್ಯಾದೆ. ಮೊದಲು ಬಾಳೆತೋಟಕ್ಕೆ ಹೋದಳು. ಹೊಸ ಮರಗಳು ಕಾಯಿ ಬಿಟ್ಟ ಮೇಲೆ ಗ್ವಾವ್‌ನ ಜಾಯಿಕಾಯಿ ಮಂಡಿಗೆ ಸೇರಿದಳು. ಸಾಲಾಗಿ ಕೂತ ಹೆಂಗಸರ ನಡುವೆ ಜೊಳ್ಳು, ಗಟ್ಟಿ ಎಂದು ಕಾಯಿ ಬೇರ್ಪಡಿಸುವ ಕೆಲಸ. ಅಲ್ಲಿ ಅವಳ ನಾಲಿಗೆ ಬಹಳ ಚುರುಕಂತೆ. ಮೇಸ್ತ್ರಿಯ ನಡಿಗೆ ಅಣಕಿಸಿ ಇಡೀ ಸಾಲನ್ನು ನಗಿಸುತ್ತಿದ್ದಳಂತೆ. ಒಮ್ಮೆ ಅಮ್ಮನ ಔಷಧಿಯ ವಿಷಯಕ್ಕೆ ನಾನು ಅಲ್ಲಿಗೆ ಹೋದೆ. ಬಾಗಿಲಿನವರೆಗೂ ನಗು ಕೇಳುತ್ತಿತ್ತು. ನನ್ನನ್ನು ಕಂಡು ಅವಳು ಎದ್ದು, ಲಂಗ ಕೊಡವಿಕೊಂಡು, "ಬನ್ನಿ ಟೀಚರ್," ಎಂದಳು. ನಗುತ್ತಿದ್ದವರೆಲ್ಲ ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದರು.

ಅಮ್ಮ ತೀರಿಕೊಂಡಳು. ತಮ್ಮಂದಿರು ಟ್ರಿನಿಡಾಡಿಗೆ ಹೋದರು. ನಾನು ಮದುವೆಯಾಗಲಿಲ್ಲ. ಆಲ್ಸ್ಟನ್ ಮೇಷ್ಟ್ರು ನಿವೃತ್ತರಾದ ಮೇಲೆ ಅವರ ಕುರ್ಚಿಯಲ್ಲಿ ನಾನು ಕೂತೆ. ಇಸ್ಮೇ ಒಬ್ಬ ಮೀನುಗಾರನನ್ನು ಮದುವೆಯಾಗಿ ಕೆಳಗಿನ ಓಣಿಯಲ್ಲಿ ಮನೆ ಮಾಡಿದಳು. ನಡುವೆ ಮುನ್ನೂರು ಹೆಜ್ಜೆ. ಹಬ್ಬಕ್ಕೆ ಯಾರ ಕೈಯಲ್ಲಾದರೂ ಒಂದು ಬೋಗುಣಿ ದೀವಿಹಲಸಿನ ಅಡುಗೆ ಕಳಿಸುತ್ತಿದ್ದಳು. ತಾನು ಬರುತ್ತಿರಲಿಲ್ಲ.

ಅವಳು ನನ್ನ ಬಳಿಗೆ ತಾನಾಗಿ ಬಂದದ್ದು ಒಂದೇ ಸಲ. ಸೆಪ್ಟೆಂಬರ್ ಮೊದಲ ವಾರ, ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ದಿನ. ಮಗಳು ಜಸಿಂತಾಳ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದಳು, ಎಲ್ಲರ ಹಾಗೆ. ಸರದಿ ಬಂದಾಗ ನನ್ನ ಮೇಜಿನ ಮುಂದೆ ಬಂದಳು. ನಾನು ಹೆಸರು, ವಯಸ್ಸು ಬರೆದುಕೊಂಡೆ, ಕೇಳುವ ಅಗತ್ಯವಿಲ್ಲದಿದ್ದರೂ ಕೇಳಿ ಬರೆದುಕೊಂಡೆ. ತಾಯಿಯ ಸಹಿ ಇರಬೇಕಾದ ಜಾಗ ಬಂತು. ಅಲ್ಲಿ ಹೆಬ್ಬೆಟ್ಟು ಒತ್ತುವವರಿಗೆಂದು ಶಾಯಿಯ ಡಬ್ಬಿ ಇಟ್ಟಿದ್ದೆ. ನನ್ನ ಕೈ ಡಬ್ಬಿಯ ಕಡೆ ಹೋಯಿತು.

"ಪೆನ್ನು ಕೊಡಿ," ಎಂದಳು.

ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ, ಒಂದೊಂದೇ ಅಕ್ಷರ ಬರೆದಳು. ಪ್ರತಿ ಅಕ್ಷರವೂ ನಡುನಡುವೆ ತುಂಡಾಗಿತ್ತು. ಜಾಯಿಕಾಯಿ ಗೋಣಿಗಳ ಮೇಲೆ ತಗಡಿನ ಅಚ್ಚಿಟ್ಟು ಕಪ್ಪು ಬಣ್ಣ ಬಳಿದು ಬರೆಯುತ್ತಾರಲ್ಲ, ಆ ಅಕ್ಷರಗಳು. ಗೋಣಿ ನೋಡಿ ನೋಡಿ ತಾನೇ ಕಲಿತಿದ್ದಳು. ನಾನು ಆ ಹೆಸರನ್ನು ನೋಡುತ್ತ ಕೂತೆ. ಕಣ್ಣು ಮಂಜಾಗಿ ಮುಂದಿನ ಮಗುವಿನ ಹೆಸರು ಕೇಳಲಾಗಲಿಲ್ಲ.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ," ಎಂದಳು ಇಸ್ಮೇ, ಮೆಲ್ಲಗೆ, ಹಿಂದಿನವರಿಗೆ ಕೇಳದ ಹಾಗೆ. "ಈ ಗುಡ್ಡದಲ್ಲಿ ಇನ್ನೊಂದು ಶಾಲೆ ಇಲ್ಲ. ಅದಕ್ಕೆ."

"ಗೊತ್ತು," ಎಂದೆ.

"ಕಿಟಕಿ ಹತ್ರ ಕೂರಿಸ್ಬೇಡಿ. ಹೊರಗೇ ನೋಡ್ತಾ ಇರ್ತಾಳೆ."

ಅವಳು ಮಗಳ ಕಾಲರು ಸರಿ ಮಾಡಿ, ಹೋದಳು. ಮಂಡಿಗೆ ಹೊತ್ತಾಗಿತ್ತು.

ಜಸಿಂತಾಳಿಗೆ ಈಸ್ಟರ್ ಹೊತ್ತಿಗೆ ಓದು ಬಂತು. ಒಂದು ಸಂಜೆ ನಾನು ಕೆಳಗಿನ ಓಣಿಯಲ್ಲಿ ಅಂಗಡಿಗೆ ಹೋಗುತ್ತಿದ್ದೆ. ಇಸ್ಮೇಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮಗು ಒಂದೊಂದು ಪದವನ್ನೂ ಬೆರಳಿಟ್ಟು ಓದುವ ದನಿ. ಅದರ ಹಿಂದೆಯೇ, ಅದೇ ಪದವನ್ನು ಇನ್ನೂ ನಿಧಾನವಾಗಿ ಹೇಳುವ ಇಸ್ಮೇಯ ದನಿ. ಒಂದು ಪದದಲ್ಲಿ ಅವಳು ತಪ್ಪಿದಳು. "ಅಲ್ಲಮ್ಮಾ, ಟೀಚರ್ ಹಿಂಗೆ ಹೇಳಿಕೊಟ್ಟಿದಾರೆ," ಎಂದಿತು ಮಗು. ಆಮೇಲೆ ಇಸ್ಮೇ ಅದನ್ನು ಸರಿಯಾಗಿ ಹೇಳಿದಳು.

ನಾನು ನಿಲ್ಲಲಿಲ್ಲ. ನಿಂತದ್ದು ಕಂಡರೆ ಅವಳು ಓದುವುದನ್ನೇ ಬಿಟ್ಟುಬಿಡುತ್ತಾಳೆಂದು ಗೊತ್ತಿತ್ತು. ಚಪ್ಪಲಿಯ ಸದ್ದಾಗದಂತೆ ಹುಲ್ಲಿನ ಅಂಚಿಗೆ ಸರಿದು ನಡೆದೆ.